ಸಮುದ್ರ ದಾಟಿದ ತುರಿಮಣೆ

ನಾನೊಂದು ತೆಂಗಿನಕಾಯಿ ತುರಿಮಣೆ. ಕುಂದಾಪುರದ ಸುಬ್ರಾಯ ಆಚಾರಿ ಹಲಸಿನ ಮರದಲ್ಲಿ ನನ್ನನ್ನು ಕೆತ್ತಿ, ಮುಂದೆ ಹಲ್ಲಿರುವ ಕಬ್ಬಿಣದ ನಾಲಿಗೆ ಕೂರಿಸಿದ ದಿನ ಊರಿನ ತೆಂಗಿನಮರಗಳೆಲ್ಲ ಹೆದರಿ ಎರಡು ವಾರ ಕಾಯಿ ಬೀಳಿಸಲಿಲ್ಲ. ನಂಬದವರು ಬಿಡಿ. ಜನರನ್ನು ನಾನು ಕೆಳಗಿನಿಂದ ಬಲ್ಲೆ. ಕೂತ ಭಾರದಲ್ಲೇ ಮನಸ್ಸು ತಿಳಿಯುತ್ತದೆ.

ಜಲಜಾಕ್ಷಿಯಮ್ಮ ಮದುವೆಯಾಗಿ ಮೊಂಬಾಸಾಕ್ಕೆ ಹೊರಟಾಗ ನಾನೂ ಹಡಗು ಹತ್ತಿದೆ. ನನ್ನ ಭಾರಕ್ಕೆ ಹಡಗು ಒಂದು ಪಕ್ಕಕ್ಕೆ ವಾಲಿತು. ಅಲ್ಲಿ ಹಳೇ ಬಂದರಿನ ಬಳಿ ನೆರೆಮನೆಯ ಜುಹೂರಾ ನನ್ನನ್ನು ಕಂಡು, "ಅರೆ, ನಿನ್ನ ಹತ್ತಿರಾನೂ ಮೇಕೆ ಇದೆ!" ಎಂದು ನಕ್ಕಳು. ಅವರ ಸ್ವಾಹಿಲಿಯಲ್ಲಿ ತುರಿಮಣೆಗೆ ಹೆಸರೇ ಮೇಕೆ. ಸಿಂಹದಂಥ ನನಗೆ!

ಒಂದು ಈದ್ ಬೆಳಿಗ್ಗೆ ಅವಳ ಮೇಕೆಯ ಹಲ್ಲು ಮುರಿಯಿತು. ನನ್ನನ್ನು ಎರವಲು ಕೇಳಲು ಬಂದಳು. ಇದು ನಮ್ಮವರದು, ಬೇರೆಯವರು ಕೂರುವಂತಿಲ್ಲ ಎಂದು ಅಮ್ಮ ಬಾಗಿಲು ಹಾಕಿದರು. ಜುಹೂರಾ ಮತ್ತೆ ಆ ಬಾಗಿಲು ತಟ್ಟಲಿಲ್ಲ. ಅಂದಿನಿಂದ ಅಮ್ಮನ ಭಾರ ಒಂದಿಷ್ಟು ಹೆಚ್ಚಾಯಿತು.

ಮುಂದೆ ಮಗನ ಸಂಸಾರದೊಂದಿಗೆ ಇಂಗ್ಲೆಂಡಿನ ಲೆಸ್ಟರ್‌ಗೆ ಬಂದೆವು. ಮೊಮ್ಮಗಳು ಶಾಂಭವಿಯನ್ನು ಶಾಲೆಯ ಬಿಳಿ ಮಕ್ಕಳು ಇಂಡಿಯನ್ ಅನ್ನುತ್ತಿದ್ದರು, ಇಂಡಿಯಾದ ಮಕ್ಕಳು ಆಫ್ರಿಕಾದವಳು ಅನ್ನುತ್ತಿದ್ದರು. ಶಾಲೆಯಲ್ಲೊಂದು ಪ್ರದರ್ಶನ: ಮನೆಯ ವಸ್ತು ತಂದು ನಿಮ್ಮ ದೇಶದ ಮೇಜಿನ ಮೇಲಿಡಿ.

"ಅಜ್ಜಿ, ಚೀಟಿಲಿ ಯಾವ ದೇಶ ಬರೀಲಿ?"

"ಕುಂದಾಪ್ರ ಅಂದೇಳಿ ಬರಿ."

"ಅದು ದೇಶ ಅಲ್ಲ!"

"ಅದ್ಕಿಂತ ದೊಡ್ಡ್ ದೇಶ ಯಾವ್ದೂ ಇಲ್ಲೆ ಅಂದೇಳಿ ನಿನ್ನ್ ಟೀಚರಿಗೆ ಹೇಳ್."

ಟೀಚರ್ ನನ್ನ ಹಲ್ಲಿಗೆ ಉಣ್ಣೆಯ ಕಾಲುಚೀಲ ತೊಡಿಸಿದರು. ನನ್ನ ಕಂಡು ಬ್ರಿಟಿಷ್ ಸಾಮ್ರಾಜ್ಯವೇ ನಡುಗಿತೆನ್ನಿ. ಯಾವ ಮೇಜಿಗೂ ಹೋಗಲಾಗದೆ ಹುಡುಗಿ ನನ್ನನ್ನು ತಬ್ಬಿಕೊಂಡು ಬಾಗಿಲಲ್ಲೇ ನಿಂತಳು, ಕೈಯಲ್ಲಿ ಖಾಲಿ ಚೀಟಿ.

ಆಗ ಅವಳ ಸಹಪಾಠಿಯ ಅಜ್ಜಿ ಸಲ್ಮಾ, ಮೊಂಬಾಸಾದವರೇ, "ಮೇಕೆ!" ಎಂದು ಕೂಗಿ, ನನ್ನನ್ನು ನೆಲಕ್ಕಿಳಿಸಿ, ಕಾಲುಚೀಲ ಕಿತ್ತು ಕೂತೇಬಿಟ್ಟರು. ಜೊತೆಗೆ ಬಂದಿದ್ದ ಅಮ್ಮ ತಡೆಯಲು ಬಾಯಿ ತೆರೆದರು. ಶಾಂಭವಿ ತನ್ನ ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು. ಅಮ್ಮ ಬಾಯಿ ಮುಚ್ಚಿ, ತೋರಿಸಲೆಂದು ತಂದಿದ್ದ ಕಾಯಿ ಒಡೆದು ಅರ್ಧ ಹೋಳು ಮುಂದೆ ಚಾಚಿದರು.

ತುರಿದು ಮುಗಿಸಿದ ಸಲ್ಮಾ ಏಳುತ್ತಲೇ ನನ್ನನ್ನು ಮಗ್ಗುಲಾಗಿ ಮಲಗಿಸಿದರು. ಅಮ್ಮನೂ ದಿನಾ ಹಾಗೇ ಮಲಗಿಸುವುದು.

"ಯಾರು ಕಲಿಸಿದ್ದು?" ಅಮ್ಮ ಸ್ವಾಹಿಲಿಯಲ್ಲಿ ಕೇಳಿದರು.

"ನಮ್ಮಮ್ಮ. ನಿಲ್ಲಿಸಿಟ್ಟರೆ ಮಕ್ಕಳ ಕಾಲು ಕುಯ್ಯುತ್ತದಲ್ಲ, ಮಾರಾಯ್ತಿ."

"ಹಳೇ ಬಂದರಿನ ಜುಹೂರಾ ಗೊತ್ತಾ ನಿಮಗೆ?"

"ಗೊತ್ತಿಲ್ಲ."

ಅಮ್ಮ ಉಳಿದ ಅರ್ಧ ಹೋಳನ್ನೂ ಅವರ ಕೈಗಿಟ್ಟರು. ಶಾಂಭವಿ ಚೀಟಿಯಲ್ಲಿ ದೇಶ ಬರೆಯಲಿಲ್ಲ; 'ಯಾರು ಬೇಕಾದರೂ ಕೂರಬಹುದು' ಎಂದು ಬರೆದು ನನ್ನ ಬೆನ್ನಿಗೆ ಅಂಟಿಸಿದಳು.

ಈಗ ನನ್ನ ಹಲ್ಲು ಸವೆದಿದೆ, ಕೆಲಸವನ್ನು ಮಿಕ್ಸಿ ಕಿತ್ತುಕೊಂಡಿದೆ. ಆದರೂ ಅರ್ಧ ಲೆಸ್ಟರ್ ನನ್ನ ಮೇಲೆ ಕೂತಿದೆ. ಸರಿ, ಹನ್ನೊಂದು ಜನ. ಕಾಯಿ ಹಿಡಿದು ಬಗ್ಗಿದಾಗ ಯಾರು ಎಲ್ಲಿಯವರೆಂದು ಕೆಳಗಿನಿಂದ ನನಗೂ ಗೊತ್ತಾಗುವುದಿಲ್ಲ. ಏಳುವಾಗ ಮಾತ್ರ ಎಲ್ಲರೂ ನನ್ನನ್ನು ಮಲಗಿಸಿಯೇ ಹೋಗುತ್ತಾರೆ.