ತುಟಿ ಬಿಚ್ಚದ ಜಪ

ಬೆಳಗಿನ ಲಿಂಗಪೂಜೆ ಮುಗಿದ ಮೇಲೂ ಉಮಾದೇವಿ ಏಳುತ್ತಿರಲಿಲ್ಲ. ಮೊಬೈಲಿನಲ್ಲಿ ಹೊಸದೊಂದು ಇಂಗ್ಲಿಷ್ ಶಬ್ದ ಹುಡುಕಿ, ಅರ್ಥ ತಿಳಿದುಕೊಂಡು, ಕಣ್ಣು ಮುಚ್ಚಿ, ರುದ್ರಾಕ್ಷಿಯ ಮಣಿ ಸರಿಸುತ್ತ ಅದನ್ನೇ ಜಪಿಸುತ್ತಿದ್ದಳು. ಜಪ ತನ್ನ ಕಿವಿಗೂ ಕೇಳಬಾರದು ಎಂದು ಅವ್ವ ನೀಲಾಬಾಯಿ ಕಲಿಸಿದ್ದಳು. ಹಾಗಾಗಿ ತುಟಿ ಬಿಚ್ಚುತ್ತಿರಲಿಲ್ಲ. ಅವ್ವ ಲಿಂಗೈಕ್ಯಳಾದ ಮೇಲೆ ಸುಲೇಪೇಟದ ಆ ಮನೆಯಲ್ಲಿ ಮಾತಿಗೆ ಕೆಲಸವೂ ಉಳಿದಿರಲಿಲ್ಲ. ಒಳಗೆ ಮಾತ್ರ ಶಬ್ದಗಳು ಚೀಲದ ತೊಗರಿಯಂತೆ ತುಂಬುತ್ತ ಹೋದವು. ಮೆಲಾಂಕಲಿ, ಬೆನೆವೊಲೆಂಟ್, ಟ್ರಾಂಕ್ವಿಲ್.

ಅವನ್ನೇ ನಂಬಿಕೊಂಡು ಸೇಡಂನ ಖಾಸಗಿ ಶಾಲೆಯೊಂದಕ್ಕೆ ಇಂಗ್ಲಿಷ್ ಟೀಚರ್ ಸಂದರ್ಶನಕ್ಕೆ ಹೋದಳು. ಕೆಲಸ ಸಿಕ್ಕರೆ ಕೋಣೆ ತುಂಬ ಮಕ್ಕಳು ದಿನಾ ತನ್ನನ್ನು ಕೂಗಿ ಕರೆಯುತ್ತಾರೆ. ಸಂಬಳಕ್ಕಿಂತ ಅದೇ ಅವಳಿಗೆ ಬೇಕಿತ್ತು.

ಹೆಡ್‌ಮಾಸ್ತರ ದೇವಿಂದ್ರಪ್ಪನವರು ಅವಳು ಬರೆದ ಉತ್ತರದ ಹಾಳೆ ನೋಡಿ ಮೆಚ್ಚಿದರು. ಒಂದೂ ತಪ್ಪಿರಲಿಲ್ಲ. ಆಮೇಲೆ ಇಂಗ್ಲಿಷಿನಲ್ಲಿ ಸುಲಭದ್ದೊಂದು ಕೇಳಿದರು: ಇವತ್ತು ಮುಂಜಾನೆ ಎದ್ದಾಗಿನಿಂದ ಏನೇನು ಮಾಡಿದಿರಿ?

ಉತ್ತರ ಮನಸ್ಸಿನಲ್ಲಿ ಸಾಲಾಗಿ ಬಂದು ನಿಂತಿತು. ಉಮಾದೇವಿ ಹೇಳಿದಳು ಕೂಡ. ಜಪದ ಹಾಗೆ, ಒಳಗೊಳಗೇ. ಧ್ವನಿ ಹೊರಗೆ ಬರಲಿಲ್ಲ. ಮಾಸ್ತರು ಬಹಳ ಹೊತ್ತು ಕಾದರು.

"ತಂಗಿ, ಹಾಳಿ ಮ್ಯಾಲ ನೀವು ಭಾಳ ಶ್ಯಾಣ್ಯಾರು ಇದ್ದೀರಿ. ಆದರ ಹುಡುಗ್ರು ನಿಮ್ಮ ಮನಸಿನ್ಯಾಗ ಇಣುಕಿ ಪಾಠ ಕೇಳಂಗಿಲ್ಲ. ಸೋಮವಾರ ಮತ್ತ ಬರ್ರಿ. ಬರೂವಾಗ ಬಾಯಿನೂ ತಗೊಂಡು ಬರ್ರಿ."

ಮರುದಿನ ಪೂಜೆ ಮುಗಿಸಿ, ಮನದಲ್ಲೇ ಅವ್ವನ ಕ್ಷಮೆ ಕೇಳಿ, ಉಮಾದೇವಿ ಹಿತ್ತಲಿಗೆ ಬಂದಳು. ಮೊದಲು ಗಂಟಲಿನಿಂದ ಗಾಳಿಯಷ್ಟೇ ಹೊರಟಿತು. ಜಪಿಸಿದ ದೊಡ್ಡ ದೊಡ್ಡ ಇಂಗ್ಲಿಷ್ ಶಬ್ದಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ಐ ವೋಕ್ ಅಪ್" ಎಂದಳು. ಆ ಸದ್ದಿಗೆ ತಾನೇ ಬೆಚ್ಚಿದಳು. ಎದ್ದೆ, ಅಂಗಳ ಗುಡಿಸಿದೆ, ನೀರು ಕಾಸಿದೆ ಎಂದು ಇಂಗ್ಲಿಷಿನಲ್ಲಿ ಒಂದೊಂದಾಗಿ ಹೇಳುತ್ತ ಹೋದಳು. ಯಾರೊಂದಿಗೆ ಏನು ಮಾತಾಡಿದೆ ಎಂದು ಹೇಳಬೇಕಾದಲ್ಲಿ ಬಂದು ನಿಂತುಬಿಟ್ಟಳು. ಎದ್ದಾಗಿನಿಂದ ಯಾರೊಂದಿಗೂ ಮಾತಾಡಿರಲಿಲ್ಲ.

ಗೋಡೆಯಾಚೆ ಪಕ್ಕದ ಮನೆಯ ರಶೀದಾಬೇಗಂ ಪಾತ್ರೆ ತಿಕ್ಕುವುದು ನಿಲ್ಲಿಸಿದಳು.

"ಉಮಾ, ಯಾರ ಬಂದಾರ ಬೇಟಿ ಮನಿಗಿ?"

"ಯಾರೂ ಇಲ್ಲ ಖಾಲಾ. ನಾನೇ ಮಾತಾಡಾಕತ್ತೀನಿ."

ಆಚೆ ಪಾತ್ರೆ ಕೆಳಗಿಟ್ಟ ಸದ್ದಾಯಿತು.

"ಹಂಗಾದ್ರ ಜರಾ ಜೋರ್ಲೆ ಮಾತಾಡು. ನನ್ನ ಕಿವಿ ಮಂದ ಅವ."

ಉಮಾದೇವಿ ಗೋಡೆಯ ಹತ್ತಿರ ಬಂದು ನಿಂತು, ಮುಂಜಾನೆಯನ್ನು ಮತ್ತೆ ಮೊದಲಿನಿಂದ ಹೇಳತೊಡಗಿದಳು.