ಬೆರಳಿಗಷ್ಟೇ ಗೊತ್ತಿದ್ದ ಪಾಸ್‌ವರ್ಡ್

ಟೈಪಿಂಗ್ ಟೀಚರಮ್ಮನಿಗೆ ಕೋಪ ಸದಾ ಮೂಗಿನ ತುದಿಯಲ್ಲೇ. ಆ ಮಧ್ಯಾಹ್ನ ಮಾತ್ರ ಅದು ಎಲ್ಲಿ ಹೋಗಿ ಅಡಗಿಕೊಂಡಿತ್ತೋ ದೇವರೇ ಬಲ್ಲ. ಗಂಟೆ ಮೂರಾಗಿತ್ತು. ಐದರೊಳಗೆ ಪರೀಕ್ಷಾ ಮಂಡಳಿಯ ವೆಬ್‌ಸೈಟಿಗೆ ಒಂಬತ್ತು ಶಿಷ್ಯೆಯರ ಹೆಸರು ಏರಿಸಬೇಕಿತ್ತು. ಅದಕ್ಕೆ ಬೇಕಾದ ಪಾಸ್‌ವರ್ಡ್ ಕಂಪ್ಯೂಟರಿನೊಳಗಿನ ಒಂದು ತಿಜೋರಿಯಲ್ಲಿತ್ತು. ತಿಜೋರಿ ತೆರೆಯುವ ಪಾಸ್‌ವರ್ಡ್ ಟೀಚರಮ್ಮನ ಬೆರಳುಗಳಲ್ಲಿತ್ತು. ಮೊನ್ನೆ ಮೆಟ್ಟಿಲ ಮೇಲೆ ಜಾರಿ ಬಿದ್ದು, ಎಡಗೈ ಮಣಿಕಟ್ಟಿಗೆ ಪ್ಲಾಸ್ಟರ್ ಬಿದ್ದಿತ್ತು.

ತಿಜೋರಿ ತಂದು ಕೂರಿಸಿದವಳು ಸೊಸೆ. ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಹೋದ ವರ್ಷದವರೆಗೂ ಅತ್ತೆಯದು ಎಲ್ಲದಕ್ಕೂ ಒಂದೇ ಪಾಸ್‌ವರ್ಡ್: ಮಗನ ಹೆಸರು, ಅವನು ಹುಟ್ಟಿದ ಇಸವಿ. ಯಾವನೋ ಪುಣ್ಯಾತ್ಮ ಅದನ್ನು ಕದ್ದು, ಟೀಚರಮ್ಮನ ಹೆಸರಿನಲ್ಲೇ ಮುನ್ನೂರು ಹಳೆಯ ಶಿಷ್ಯೆಯರಿಗೆ ಕೂದಲು ಬೆಳೆಸುವ ಎಣ್ಣೆಯ ಜಾಹೀರಾತು ಕಳಿಸಿದ. ಮೂವರು ಆರ್ಡರನ್ನೂ ಕೊಟ್ಟಿದ್ದರು. ಆಗ ಸೊಸೆ ಈ ಪಾಸ್‌ವರ್ಡ್ ಮ್ಯಾನೇಜರ್ ಹಾಕಿಕೊಟ್ಟಳು.

"ಒಂದೊಂದು ಖಾತೆಗೂ ಒಂದೊಂದು ಪಾಸ್‌ವರ್ಡ್ ಇದೇ ಮಾಡಿಡುತ್ತೆ ಅತ್ತೆ, ನಲವತ್ತು ನಲವತ್ತು ಅಕ್ಷರದ್ದು. ನೀವು ನೆನಪಿಡಬೇಕಾದ್ದು ಒಂದೇ."

"ಎಷ್ಟು ಇದಕ್ಕೆ?"

"ಪುಕ್ಕಟೆ. ಯಾರ್ಯಾರೋ ಸೇರಿ ಬರೆದದ್ದು. ಒಳಗೆ ಏನಿದೆ, ಹೇಗೆ ಕೆಲಸ ಮಾಡುತ್ತೆ, ಎಲ್ಲಾನೂ ಬಿಚ್ಚಿ ಲೋಕಕ್ಕೇ ತೋರಿಸಿಟ್ಟಿದ್ದಾರೆ. ಯಾರು ಬೇಕಾದರೂ ಓದಬಹುದು."

"ಕಳ್ಳನೂ?"

"ಕಳ್ಳನೂ ಓದಬಹುದು. ಓದಿದರೂ ತೆಗೆಯೋಕಾಗಲ್ಲ. ಬರೆದವರಿಗೇ ಆಗಲ್ಲ."

ಟೀಚರಮ್ಮ ಬೆರಗಾದರು. ಅವರು ಹಳೆಯ ಟೈಪ್‌ರೈಟರನ್ನು ಪ್ರೀತಿಸಿದ್ದೇ ಅದರ ಕಡ್ಡಿ, ಹಲ್ಲು, ಸ್ಪ್ರಿಂಗುಗಳೆಲ್ಲ ಕಣ್ಣಿಗೆ ಕಾಣುತ್ತವೆಂದು. ಮುಖ ಮೂತಿ ಗೊತ್ತಿಲ್ಲದ ಜನ, ತಮ್ಮ ಹೆಸರೂ ಹೇಳಿಕೊಳ್ಳದೆ, ಇಂಥದ್ದೊಂದನ್ನು ಮಾಡಿ ಯಾರಿಗೋ ಕೊಟ್ಟು ಹೋಗುತ್ತಾರೆಂದರೆ ಕೈ ಮುಗಿಯಬೇಕು ಅನ್ನಿಸಿತು. ಮುಗಿಯಲಿಲ್ಲ, ಸೊಸೆ ಎದುರಿಗಿದ್ದಳು.

ಆದರೆ ಆ ಒಂದು ಪಾಸ್‌ವರ್ಡ್ ಆರಿಸುವಾಗ ಅವರ ಹಮ್ಮು ಎದ್ದು ನಿಂತಿತು. ಅರ್ಥವಿರುವ ಮಾತು ಬೇಡವೇ ಬೇಡ ಎಂದರು. ಕಣ್ಣು ಮುಚ್ಚಿ, ಹತ್ತು ಬೆರಳಿಗೂ ಕೆಲಸ ಸಿಗುವಂತೆ ಇಪ್ಪತ್ತೆರಡು ಅಕ್ಷರಗಳ ಒಂದು ಓಟ ಕಟ್ಟಿ, ನೂರು ಸಲ ಹೊಡೆದು ಬೆರಳಿಗೆ ಕಲಿಸಿದರು. ಒಂದು ಚೀಟಿಯಲ್ಲಿ ಬರೆದು ಬೀರುವಿನಲ್ಲಿಡಿ ಎಂದು ಸೊಸೆ ಹೇಳಿದ್ದಕ್ಕೆ, "ನಲವತ್ತು ವರ್ಷ ಪಾಠ ಹೇಳಿದ ಬೆರಳಿಗೆ ಚೀಟಿ ಬೇರೆ ಕೇಡು" ಅಂದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ.

ಈಗ ನೋಡಿದರೆ ತಲೆಯಲ್ಲಿ ಒಂದಕ್ಷರವೂ ಇಲ್ಲ. ಮೊದಲಕ್ಷರ ಯಾವುದು ಎಂದು ಸೊಸೆ ಕೇಳಿದರೆ ಕಣ್ಣು ಕಣ್ಣು ಬಿಟ್ಟರು. ಕೀಬೋರ್ಡಿನ ಮೇಲೆ ಹೊಡೆದು ನೋಡಿದರು. ಬಲಗೈ ತನ್ನ ಪಾಲಿನದನ್ನು ಸರಿಯಾಗಿ ಹೊಡೆಯುತ್ತಿತ್ತು. ಎಡಗೈ ಪ್ಲಾಸ್ಟರಿನ ಭಾರಕ್ಕೆ ಒಂದರ ಬದಲು ಮೂರು ಒತ್ತುತ್ತಿತ್ತು, ನೋವಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಹನ್ನೊಂದು ಸಲವೂ ತಪ್ಪು. ಪರೀಕ್ಷಾ ಮಂಡಳಿಗೆ ಫೋನ್ ಮಾಡಿದರೆ ಗುಮಾಸ್ತ, ಹೊಸ ಪಾಸ್‌ವರ್ಡಿಗೆ ಅರ್ಜಿ ಕೊಡಿ, ಮೂರು ದಿನ ಆಗುತ್ತೆ ಎಂದ. ಮೇಲ್‌ಗೆ ತರಿಸೋಣವೆಂದರೆ ಮೇಲ್‌ನ ಪಾಸ್‌ವರ್ಡೂ ಅದೇ ತಿಜೋರಿಯೊಳಗೆ.

"ಇದನ್ನ ಮಾಡಿದವರನ್ನ ಕೇಳೋಕಾಗಲ್ವೇನೇ?"

"ಕೇಳೋಕೆ ಯಾರೂ ಇಲ್ಲ ಅತ್ತೆ. ಯಾರೂ ಇಲ್ಲ ಅಂತಾನೇ ಅದು ಗಟ್ಟಿ."

ಅಷ್ಟು ಗಟ್ಟಿಯಾದದ್ದನ್ನು ಟೀಚರಮ್ಮ ಜನ್ಮದಲ್ಲಿ ಕಂಡಿರಲಿಲ್ಲ. ಕಲ್ಲನ್ನಾದರೂ ಒಡೆಯಬಹುದು, ಇದು ಬೈದರೂ ಕೇಳದು, ಅತ್ತರೂ ಕೇಳದು.

ಒಂಬತ್ತರಲ್ಲಿ ಎಂಟು ಜನ ಮುಂದಿನ ವರ್ಷ ಪರೀಕ್ಷೆಗೆ ಕೂರಬಹುದಿತ್ತು. ಒಂಬತ್ತನೆಯವಳು ಮೂಲೆಯಕ್ಕ. ಹನ್ನೊಂದು ವರ್ಷದಿಂದ ಟೀಚರಮ್ಮನ ಟೈಪಿಂಗ್ ಶಾಲೆಯ ಕಸ ಗುಡಿಸುವವಳು, ಮೂರು ವರ್ಷದಿಂದ ಮೂಲೆಯ ಮೆಷಿನ್ನಿನಲ್ಲಿ ಕೂತು ಕಲಿಯುವವಳು. ನಲವತ್ತು ದಾಟಿದವರಿಗೆ ಪರೀಕ್ಷೆಯಿಲ್ಲ. ಅವಳಿಗೆ ಬರುವ ತಿಂಗಳು ನಲವತ್ತು ತುಂಬುತ್ತಿತ್ತು. ಈಗ ಬಾಗಿಲ ಬಳಿ ಪೊರಕೆ ಹಿಡಿದು ನಿಂತು ಎಲ್ಲವನ್ನೂ ನೋಡುತ್ತಿದ್ದಳು.

"ನಿನ್ನ ಹೊಟ್ಟೆ ಮೇಲೆ ಹೊಡೆದುಬಿಟ್ಟೆ ಕಣೆ" ಅಂದರು ಟೀಚರಮ್ಮ.

ಮೂಲೆಯಕ್ಕ ಪೊರಕೆಯನ್ನು ಗೋಡೆಗೆ ಒರಗಿಸಿ ಬಂದಳು. "ಅಮ್ಮ, ಕೀಬೋರ್ಡು ಬೇಡ. ಕೈಯ ಕೆಳಗೆ ಈ ಟವಲ್ ಮಡಚಿ ಇಟ್ಕೊಳ್ಳಿ. ಕಣ್ಣು ಮುಚ್ಚಿ, ಬರೀ ಗಾಳೀಲಿ ಹೊಡೀರಿ. ನಾನು ನೋಡ್ತೀನಿ."

"ನೋಡಿ ಏನು ಮಾಡ್ತೀಯ?"

"ಹೊಡೀರಿ ಅಮ್ಮ."

ಟೀಚರಮ್ಮ ಕಣ್ಣು ಮುಚ್ಚಿದರು. ಪ್ಲಾಸ್ಟರಿನ ತುದಿಯಿಂದ ಹೊರಗೆ ಇಣುಕಿದ ಬೆರಳುಗಳು ಏಳುತ್ತಾ ಬೀಳುತ್ತಾ ಓಡಿದವು. ಎಲ್ಲಿಗೂ ತಲುಪುವ ಗೋಜಿಲ್ಲದ್ದರಿಂದ ನೋವೂ ಇರಲಿಲ್ಲ. ಪಕ್ಕದಲ್ಲಿ ಮೂಲೆಯಕ್ಕ ಹೊಡೆಯುವ ಕೀಲಿಗಳ ಸದ್ದು ಕೇಳಿಸಿತು.

"ಇಲ್ಲ, ತೆಗೀಲಿಲ್ಲ" ಎಂದಳು ಸೊಸೆ.

"ಇನ್ನೊಂದು ಸಲ. ಒಂಬತ್ತನೇದು ಉಂಗುರಬೆರಳು ಮೇಲಕ್ಕೆ ಹೋಯ್ತೋ ಕೆಳಕ್ಕೋ ಗೊತ್ತಾಗಲಿಲ್ಲ" ಎಂದಳು ಮೂಲೆಯಕ್ಕ.

ಟೀಚರಮ್ಮ ಮತ್ತೆ ಹೊಡೆದರು. ಕೀಲಿಗಳ ಸದ್ದು ನಿಂತಿತು. ಸೊಸೆ ಉಸಿರು ಎಳೆದುಕೊಂಡದ್ದು ಕೇಳಿ ಕಣ್ಣು ತೆರೆದರೆ, ತಿಜೋರಿ ಬಾಗಿಲು ತೆರೆದುಕೊಂಡು ಕೂತಿತ್ತು. ಮೇಲ್, ಬ್ಯಾಂಕು, ವಿದ್ಯುತ್ ಬಿಲ್ಲು, ಪರೀಕ್ಷಾ ಮಂಡಳಿ, ಎಲ್ಲ ಸಾಲಾಗಿ ನಿಂತಿದ್ದವು. ಮೂವರೂ ಗರ ಬಡಿದವರಂತೆ ಅದನ್ನೇ ನೋಡಿದರು. ಜಗತ್ತಿನಲ್ಲಿ ಯಾರಿಂದಲೂ ಆಗದ್ದನ್ನು ಕಸ ಗುಡಿಸುವ ಹೆಂಗಸು ನೋಡಿ ನೋಡಿಯೇ ಮಾಡಿದ್ದಳು.

ಮಂಡಳಿಯ ಪುಟ ತೆರೆದು ಮೂಲೆಯಕ್ಕನೇ ಹೆಸರುಗಳನ್ನು ತುಂಬತೊಡಗಿದಳು. ಒಂದೊಂದು ಹೆಸರಿನ ಮುಂದೂ ತರಬೇತಿ ಕೊಟ್ಟವರು ಷರಾ ಬರೆಯುವ ಖಾನೆ ಇತ್ತು. ಎಂಟಕ್ಕೂ ಟೀಚರಮ್ಮ "ಅರ್ಹರು" ಎಂದು ಹೇಳಿ ಮುಗಿಸಿದರು.

"ಬೆರಳು ನೋಡಿ ಅಕ್ಷರ ಹಿಡಿಯೋದನ್ನ ಯಾವಾಗ ಕಲಿತೆಯೇ?"

"ಕಸ ಗುಡಿಸ್ತಾ ಕಲಿತೆ. ಕೀಲಿ ನೋಡಬಾರದು ಅಂತ ನೀವೇ ಹೇಳ್ತಿದ್ರಲ್ಲ, ಅದಕ್ಕೇ ನಿಮ್ಮ ಕೈ ನೋಡ್ತಿದ್ದೆ. ಮೊದಮೊದಲು ಒಂದೊಂದೇ ಅಕ್ಷರ ಗೊತ್ತಾಗೋದು. ಆಮೇಲೆ ಪೂರಾ ಕಾಗದಾನೇ ಓದೋಕೆ ಬಂತು."

"ಪೂರಾ ಕಾಗದ ಅಂದ್ರೆ?"

ಮೂಲೆಯಕ್ಕ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಎರಡು ವರ್ಷದ ಹಿಂದೆ ಒಂದು ಆಫೀಸಿನವರು ಟೈಪಿಸ್ಟ್ ಬೇಕು ಅಂದಿದ್ರಲ್ಲ ಅಮ್ಮ, ಅವರಿಗೆ ನೀವು ಬರೆದದ್ದು."

ಟೀಚರಮ್ಮನಿಗೆ ಆ ಕಾಗದ ಒಂದಕ್ಷರ ಬಿಡದೆ ನೆನಪಿಗೆ ಬಂತು: ಮೂಲೆಯಲ್ಲಿ ಕೂರುವಾಕೆಯೊಬ್ಬಳನ್ನು ಬಿಟ್ಟು ಯಾರನ್ನು ಬೇಕಾದರೂ ಕಳಿಸಬಲ್ಲೆ, ಆಕೆಯ ಬೆರಳು ಬಾಗುವ ವಯಸ್ಸು ಮುಗಿದಿದೆ. ಹಾಗೆ ಬರೆಯುವಾಗ ಈಕೆ ನಾಲ್ಕು ಮಾರು ದೂರದಲ್ಲಿ ನೆಲ ಗುಡಿಸುತ್ತಿದ್ದಳು.

"ಅದನ್ನ ಓದಿದ ಮೇಲೂ ಬಂದೆಯಲ್ಲೇ?"

"ಮಾರನೇ ದಿನದಿಂದ ಅರ್ಧ ಗಂಟೆ ಮುಂಚೆ ಬಂದೆ" ಎಂದಳು ಮೂಲೆಯಕ್ಕ.

ಅವಳ ದನಿಯಲ್ಲಿ ದೂರಿರಲಿಲ್ಲ. ಬೈದಿದ್ದರೆ ಟೀಚರಮ್ಮ ತಡೆದುಕೊಳ್ಳುತ್ತಿದ್ದರು, ಬೈಗುಳ ಅವರಿಗೆ ಹೊಸದಲ್ಲ. ಎದುರಿಗೆ ಕೂತವಳ ದೊಡ್ಡತನವನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ.

"ಅತ್ತೆ, ಐದಕ್ಕೆ ಹನ್ನೆರಡು ನಿಮಿಷ" ಎಂದಳು ಸೊಸೆ ಮೆಲ್ಲಗೆ. "ಒಂಬತ್ತನೇದಕ್ಕೆ ಷರಾ ಬಾಕಿ ಇದೆ."

ಟೀಚರಮ್ಮ ಎರಡೂ ಕೈಯನ್ನು ಮೇಜಿನ ಮೇಲಿಟ್ಟು ಕಣ್ಣು ಮುಚ್ಚಿದರು. ಬೆರಳುಗಳು ಗಾಳಿಯಲ್ಲಿ ಓಡಿದವು. ಮೂಲೆಯಕ್ಕ ಅವನ್ನು ನೋಡುತ್ತಾ ಹೊಡೆಯುತ್ತಾ ಹೋದಳು, ಪರದೆಯ ಮೇಲೆ ಅಕ್ಷರಗಳು ಮೂಡಿದವು.

"ಈಕೆ ನನ್ನ ಬೆರಳುಗಳನ್ನು ಓದಬಲ್ಲಳು. ನಾನು ಈಕೆಯ ಬೆರಳುಗಳನ್ನು ಒಂದು ದಿನವೂ ಓದಲಿಲ್ಲ."

ಮುಂದಿನ ಸಾಲಿಗೆ ಮೂಲೆಯಕ್ಕನ ಕೈ ನಿಂತುಹೋಯಿತು. ಟೀಚರಮ್ಮ ಕಣ್ಣು ತೆರೆಯದೆ ಅದೇ ಸಾಲನ್ನು ಇನ್ನೊಮ್ಮೆ, ನಿಧಾನವಾಗಿ, ಹೊಸಬರಿಗೆ ಹೇಳಿಕೊಡುವಂತೆ ಹೊಡೆದರು. ಮೂಲೆಯಕ್ಕ ಅದನ್ನೂ ಬರೆದಳು.

"ತಪ್ಪು ನನ್ನದು."

ಆಮೇಲೆ ಕೆನ್ನೆ ಒರೆಸಿಕೊಳ್ಳದೆಯೇ ಪಟ್ಟಿಯನ್ನು ಕಳಿಸುವ ಗುಂಡಿ ಒತ್ತಿದಳು.