ಎತ್ತುಗಳೂ ಒಪ್ಪಿಕೊಂಡ ದನಿ

ವನದುರ್ಗದ ಅಯ್ಯಣ್ಣನ ಎತ್ತುಗಳಿಗೆ ಬಾರುಕೋಲು ಬೇಕಾಗಿರಲಿಲ್ಲ. ಹತ್ತಿ ಹೊಲದಲ್ಲಿ ಸಾಲುಗಳ ನಡುವಿನ ಕಳೆ ತೆಗೆಯಲು ಎಡೆ ಹೊಡೆಯುವಾಗ ಅವನು ಹಿಂದಿನಿಂದ ಮಾತಾಡುತ್ತ ಹೋಗುತ್ತಿದ್ದ. ಕೆಂಚ ಮತ್ತು ಬಿಳಿಯ ಎರಡೂ ಗಿಡ ತುಳಿಯದೆ ಸಾಲು ಹಿಡಿದು ನಡೆಯುತ್ತಿದ್ದವು. ಸಾಲು ಮುಗಿದಾಗ "ತಿರಗ್ರೋ ಮಕ್ಕಳ್ರಾ" ಅಂದರೆ ಸಾಕು, ತಾವೇ ತಿರುಗಿ ನಿಲ್ಲುತ್ತಿದ್ದವು. "ನಮ್ಮನಿಯವರು ನನ್ನ ಜೋಡಿಗಿಂತ ಎತ್ತಿನ ಜೋಡಿನೇ ಜಾಸ್ತಿ ಮಾತಾಡ್ತಾರ" ಎಂದು ಹೆಂಡತಿ ಗುರುದೇವಿ ಓಣಿಯವರ ಮುಂದೆ ಆಡಿಕೊಳ್ಳುತ್ತಿದ್ದಳು.

ಆ ದನಿ ಹೋಯಿತು. ವರ್ಷಗಟ್ಟಲೆ ಬೀಡಿ ಸೇದಿದ ಗಂಟಲು ಮೊದಲು ಒಡೆದ ದನಿ ಹೊರಡಿಸತೊಡಗಿತು. "ಹೊಲದ ಧೂಳು ಹೊಕ್ಕೈತಿ, ಹೊಕ್ಕೈತಿ" ಎಂದು ಅಯ್ಯಣ್ಣ ದಿನ ತಳ್ಳಿದ. ಕಷಾಯ ಕುಡಿದ, ಜೇನುತುಪ್ಪ ನೆಕ್ಕಿದ, ಬೀಡಿ ಮಾತ್ರ ಬಿಡಲಿಲ್ಲ. ಕೊನೆಗೆ ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಹೋದಾಗ ಗಂಟಲ ಕ್ಯಾನ್ಸರ್ ಎಂದು ತಿಳಿಯಿತು. ಜೀವ ಉಳಿಸಲು ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಈಗ ಅವನು ಉಸಿರಾಡುವುದು ಕತ್ತಿನ ಬುಡದಲ್ಲಿ ಮಾಡಿದ ತೂತಿನಿಂದ. ತುಟಿ ಆಡುತ್ತದೆ, ನಾಲಿಗೆ ಆಡುತ್ತದೆ, ಬಾಯೊಳಗೆ ಮಾತೆಲ್ಲ ಸರಿಯಾಗಿಯೇ ಮೂಡುತ್ತದೆ. ದನಿ ಮಾತ್ರ ಇಲ್ಲ. ಅಕ್ಷರ ಕಲಿಯದ ಮನುಷ್ಯ, ಬರೆದು ತೋರಿಸುವ ದಾರಿಯೂ ಇಲ್ಲ.

ಎತ್ತುಗಳು ಕಂಗಾಲಾದವು. ಹಿಂದೆ ಯಾರಿದ್ದಾರೆಂಬುದೇ ಅವಕ್ಕೆ ಗೊತ್ತಾಗುತ್ತಿರಲಿಲ್ಲ. ಅಯ್ಯಣ್ಣ ಹಗ್ಗ ಜಗ್ಗಿದರೆ ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ. ಮೊಣಕಾಲೆತ್ತರ ಬಂದ ಹತ್ತಿಗಿಡ ಸಾಲುಗಟ್ಟಲೆ ತುಳಿದು ಹಾಕಿದವು.

"ಯವ್ವಾ, ಎತ್ತು ಮಾರಿಬಿಡೂಣು" ಎಂದ ಮಗ ಶಿವರಾಜ. "ಯಪ್ಪನ ಕೈಲೆ ಇನ್ನ ಆಗಾಂಗಿಲ್ಲ. ನನ್ನ ಮಾತಂತೂ ಅವು ಕೇಳಾಂಗಿಲ್ಲ. ದನದ ವ್ಯಾಪಾರಿ ಶ್ರೀಮಂತ ಅಂತ ಅದಾನಲ್ಲ, ಅವಗ ಬಾ ಅಂತ ಹೇಳೀನಿ."

ಮೂಲೆಯಲ್ಲಿ ಕುಳಿತಿದ್ದ ಅಯ್ಯಣ್ಣ ತುಟಿ ಆಡಿಸಿದ. ಮಗ ಆ ಕಡೆ ನೋಡಲೇ ಇಲ್ಲ. ಎತ್ತು ಹೋದರೆ ಗಂಡ ಹಾಸಿಗೆ ಹಿಡಿಯುತ್ತಾನೆ ಎಂದು ಗುರುದೇವಿಗೆ ಗೊತ್ತಿತ್ತು.

ಮನೆಯಲ್ಲಿ ಒಂದು ಯಂತ್ರ ಇತ್ತು. ಆಪರೇಷನ್ ಆದಮೇಲೆ ಆಸ್ಪತ್ರೆಯವರೇ ಕೊಟ್ಟದ್ದು, ಟಾರ್ಚಿನಷ್ಟು ಉದ್ದ, ಮೇಲೊಂದು ಗುಂಡಿ. ಕತ್ತಿಗೆ ಒತ್ತಿ ಹಿಡಿದು ಮಾತಾಡಿ ಎಂದು ತೋರಿಸಿಯೂ ಇದ್ದರು. ಊರಿಗೆ ಬಂದವನು ಒಮ್ಮೆ ಹಿಡಿದು ನೋಡಿದ. ಗುಂಯ್ ಎನ್ನುವುದು ಬಿಟ್ಟರೆ ಮತ್ತೇನೂ ಬರಲಿಲ್ಲ. ಕಟ್ಟೆಯ ಮೇಲಿದ್ದವರು ಗೊಳ್ಳೆಂದು ನಕ್ಕರು. "ದೆವ್ವ ಹೊಕ್ಕಂಗ ಐತಿ, ಇದೇನ್ ಬ್ಯಾಡ" ಎಂದು ಗುರುದೇವಿಯೇ ಅದನ್ನು ಟ್ರಂಕಿನ ತಳಕ್ಕೆ ಹಾಕಿದಳು. ಯಂತ್ರ ಕೆಟ್ಟಿದೆ ಎಂದೇ ಎಲ್ಲರೂ ತಿಳಿದರು.

ತಪಾಸಣೆಯ ದಿನ ಗಂಡಹೆಂಡತಿ ಮತ್ತೆ ಕಲಬುರಗಿಗೆ ಹೋದರು. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದಾಗ ಹಿಂದಿನಿಂದ ಒಂದು ದನಿ ಬಂತು. ಏರಿಳಿತವಿಲ್ಲದ, ರೇಡಿಯೋದೊಳಗಿಂದ ಬಂದ ಹಾಗಿನ ದನಿ.

"ಅಕ್ಕಾರ, ಸ್ವಲ್ಪ ಸರೀರಿ. ನಾನೂ ಕುಂದರ್ತೀನಿ."

ಗುರುದೇವಿ ಗಾಬರಿಯಿಂದ ತಿರುಗಿದಳು. ಬಿಳಿ ಟೊಪ್ಪಿಗೆಯ ಮನುಷ್ಯ, ಅಯ್ಯಣ್ಣನಿಗಿಂತ ನಾಲ್ಕೈದು ವರ್ಷ ಚಿಕ್ಕವನಿರಬೇಕು. ಅವನ ಕತ್ತಿನಲ್ಲೂ ತೂತು. ಕೈಯಲ್ಲಿ ಅದೇ ಯಂತ್ರ.

"ಇದು ಮಾತಾಡ್ತೈತೇನ್ರಿ?" ಎಂದಳು.

"ಇದೇನ್ ಮಾತಾಡ್ತೈತ್ರಿ. ಮಾತು ನಂದು, ಅದು ಬರೇ ಗುಂಯ್ ಅಂತೈತಿ" ಎಂದು ಅವನು ನಕ್ಕ. ನಗುವಿಗೆ ಮಾತ್ರ ದನಿ ಇರಲಿಲ್ಲ, ಮುಖವೆಲ್ಲ ಅರಳಿತ್ತು. ಅವನು ಮುಜಫರ, ಶಹಾಪುರ ಬಸ್‌ಸ್ಟ್ಯಾಂಡ್ ಹತ್ತಿರ ಪಂಕ್ಚರ್ ಅಂಗಡಿಯವನು. "ನನ್ನ ಬೇಗಂಗ ಭಾಳ ಖುಷಿ ನೋಡ್ರಿ. ಗುಂಡಿ ಇರೋ ಗಂಡ ಸಿಕ್ಕಾನ, ಜಗಳದಾಗ ಬಂದ್ ಮಾಡಬಹುದು ಅಂತಾಳ."

ಗುರುದೇವಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಟ್ರಂಕಿನ ವಿಷಯ ಹೇಳಿದಳು. ಮುಜಫರ ಅಯ್ಯಣ್ಣನನ್ನು ಮೇಲಿಂದ ಕೆಳಗೆ ನೋಡಿದ. ತೂತು ಯಾರಿಗೂ ಕಾಣಬಾರದೆಂದು ಅಯ್ಯಣ್ಣ ದವಡೆಯ ತನಕ ಶಲ್ಯೆ ಸುತ್ತಿಕೊಂಡಿದ್ದ. ಮನೆಯಲ್ಲೂ ಹಾಗೇ, ಮಲಗುವಾಗಲೂ ಹಾಗೇ.

"ಅಣ್ಣಾರ, ಯಂತ್ರಾನ ಈ ಶಲ್ಯೆ ಅರಿವಿ ಮ್ಯಾಲೇ ಒತ್ತಿ ಹಿಡದಿದ್ರೇನು?"

ಅಯ್ಯಣ್ಣ ಹೌದೆಂದು ತಲೆಯಾಡಿಸಿದ.

"ಹಂಗಾರ ಆ ಯಂತ್ರ ನಿಮ್ಮ ಶಲ್ಯೆಕ್ಕ ಮಾತು ಕಲಿಸಾಕ ಹೋಗಿತ್ತು! ಮೊದಲ ಅದನ್ನ ತೆಗೀರಿ. ಕಳವು ಮಾಡೀರೇನು, ಯಾಕ ಮುಚ್ಚಿಕೊಂತೀರಿ? ತೂತಿನ ಮುಂದ ತೆಳ್ಳನ ಅರಿವಿ ಇರ್ಲಿ, ಧೂಳು ಹೋಗಬಾರದು. ಯಂತ್ರ ಹಿಡಿಯೋ ಜಾಗ ತೂತಿಗಿಂತ ಮ್ಯಾಲ, ದವಡಿ ಕೆಳಗ. ಅಲ್ಲಿ ಬರೇ ಚರ್ಮ ಇರಬೇಕು."

ಅಷ್ಟು ಜನರ ನಡುವೆ ಅಯ್ಯಣ್ಣನ ಕೈ ಏಳಲಿಲ್ಲ. ಗುರುದೇವಿಯೇ ಶಲ್ಯೆ ಬಿಚ್ಚಿದಳು. ಮುಜಫರ ತನ್ನ ಯಂತ್ರ ಒರೆಸಿ ಅವನ ಕೈಗೆ ಕೊಟ್ಟು ಮೆತ್ತನೆಯ ಜಾಗ ಹುಡುಕಿದ. ಇಲ್ಲಿ ಬರೀ ಗುಂಯ್, ಅಲ್ಲಿ ಅರ್ಧ ಮಾತು, ಇನ್ನೊಂದು ಬೆರಳಿನಷ್ಟು ಆಚೆ ಸರಿಸಿದಾಗ ಸರಿಯಾದ ಜಾಗ ಸಿಕ್ಕಿತು. ಯಂತ್ರ ತನ್ನ ಕೈಗೆ ತಗೊಂಡು ಮುಜಫರ ಹೇಳಿದ: "ಗಾಳಿ ಊದಬ್ಯಾಡ್ರಿ. ಗುಂಡಿ ಒತ್ತಿ, ಬಾಯಿ ದೊಡ್ಡದಾಗಿ ಬಿಚ್ಚಿ ನಿಧಾನಕ ಮಾತಾಡ್ರಿ. ಮಾತು ಮುಗಿದ್ರ ಗುಂಡಿ ಬಿಡ್ರಿ." ಮತ್ತೆ ಅವನ ಕೈಗೇ ಇಟ್ಟ.

ಅಯ್ಯಣ್ಣ ಹೆಂಡತಿಯ ಮುಖ ನೋಡಿದ. ಗುಂಡಿ ಒತ್ತಿದ.

"ಸಾರಿಗೆ... ಉಪ್ಪು... ಭಾಳ ಹಾಕ್ತಿ."

ಇಷ್ಟು ತಿಂಗಳು ಉಪ್ಪು ಹೆಚ್ಚಾದ ಸಾರು ಉಂಡು ಸುಮ್ಮನಿದ್ದ ಪುಣ್ಯಾತ್ಮ! ಗುರುದೇವಿ ನಕ್ಕಳು, ನಗುತ್ತ ನಗುತ್ತಲೇ ಸೆರಗು ಕಣ್ಣಿಗೆ ಒತ್ತಿಕೊಂಡು ಅತ್ತಳು. ಅದು ಮೊದಲಿನ ದನಿ ಅಲ್ಲ. ಆದರೆ ಮಾತು ಅವನದೇ, ಕೊಂಕು ಕೂಡ ಅವನದೇ. ಇಂಥದ್ದೊಂದನ್ನು ಕಂಡುಹಿಡಿದವರ ಹೊಟ್ಟೆ ತಣ್ಣಗಿರಲಿ ಎಂದು ಮನಸ್ಸಿನಲ್ಲೇ ಹರಸಿದಳು.

ಊರಿಗೆ ಬಂದವನೇ ಅಯ್ಯಣ್ಣ ಟ್ರಂಕಿನಿಂದ ಯಂತ್ರ ತೆಗೆಸಿ, ಚಾರ್ಜ್ ಮಾಡಿಸಿ, ಎತ್ತುಗಳ ಹತ್ತಿರ ಓಡಿದ. "ಕೆಂಚ್ಯಾ" ಎಂದ. ಕೆಂಚ ಬೆದರಿ ಹಿಂದಕ್ಕೆ ಜಗ್ಗಿತು. ಬಿಳಿಯ ನೀರಿನ ಬಾನಿ ಒದ್ದು ಕೆಡವಿತು.

"ನೋಡವ್ವ, ನಾ ಹೇಳಿದ್ದಿಲ್ಲೇನು?" ಎಂದ ಶಿವರಾಜ. "ಮನಶ್ಯಾರಿಗಿ ತಿಳದ್ರ ಆತೇನು, ದನಕ್ಕ ತಿಳಿಬೇಕಲ್ಲ."

ಈ ಸಲ ಗುರುದೇವಿ ಸೋಲಲಿಲ್ಲ. "ನಾನೂ ಮೊದಲ ಬೆದರಿದಾಕಿನೇ. ನನಗ ರೂಢಿ ಆತು, ಅವಕ್ಕ ಆಗಾಂಗಿಲ್ಲೇನು?" ಎಂದು ಗಂಡನ ಕಡೆ ತಿರುಗಿದಳು. "ನೀವು ಮೇವು ಹಾಕೂತ ಮಾತಾಡ್ರಿ. ಮೈ ಸವರಿ ಮಾತಾಡ್ರಿ. ದೂರ ನಿಂತು ಒದರಬ್ಯಾಡ್ರಿ."

ಅಂದಿನಿಂದ ಮೇವು ಹಾಕುವ ಗೋದಲಿಯ ಮುಂದೆ ಪಾಠ ಶುರುವಾಯಿತು. ಯಂತ್ರ ಹಿಡಿದ ಒಂದು ಕೈ ತನ್ನ ಕತ್ತಿನ ಮೇಲೆ, ಒಂದು ಕೈ ಎತ್ತಿನ ಕೊರಳ ಕೆಳಗೆ ಜೋಲುವ ಗಂಗೆದೊಗಲಿನ ಮೇಲೆ. ಬೆಳಗ್ಗೆ ಹೊಟ್ಟು ಹಾಕುವಾಗ, ಸಂಜೆ ನೀರು ಕುಡಿಸುವಾಗ ಅದೇ ಹೆಸರು, ಅದೇ ಮಾತು. ಮೊದಮೊದಲು ಎತ್ತುಗಳು ಮೇವು ಬಿಟ್ಟು ಕಣ್ಣರಳಿಸಿ ನಿಲ್ಲುತ್ತಿದ್ದವು. ಆಮೇಲೆ ಮೆಲುಕು ಹಾಕುತ್ತಲೇ ಕಿವಿ ಹೊರಳಿಸತೊಡಗಿದವು. ಒಂದು ಬೆಳಗ್ಗೆ "ಬಿಳ್ಯಾ" ಎಂದಾಗ ಬಿಳಿಯ ಮುಂದೆ ಬಂದು ಅವನ ಭುಜ ನೆಕ್ಕಿತು. ಗುರುದೇವಿ ಒಳಗಿಂದ ನೋಡುತ್ತಿದ್ದವಳು ಒಲೆಯ ಮೇಲಿನ ರೊಟ್ಟಿ ಮರೆತಳು.

ವ್ಯಾಪಾರಿ ಶ್ರೀಮಂತ ಬಂದ ದಿನ ಅಯ್ಯಣ್ಣ ಹೊಲದಲ್ಲಿದ್ದ. ಶಿವರಾಜ ವ್ಯಾಪಾರಿಯನ್ನು ಹೊಲದ ಬದುವಿಗೆ ಕರೆದುಕೊಂಡು ಹೋದ. ಗುರುದೇವಿಯೂ ಬುತ್ತಿ ಹೊತ್ತು ಹಿಂದೆಯೇ ನಡೆದಳು. ಅಯ್ಯಣ್ಣ ಬಲಗೈಯಲ್ಲಿ ಎಡೆ ಹೊಡೆಯುವ ಕುಂಟೆ ಹಿಡಿದು, ಎಡಗೈಯಲ್ಲಿ ಯಂತ್ರ ಒತ್ತಿಕೊಂಡು ಬರುತ್ತಿದ್ದ. ಹಗ್ಗ ಸಡಿಲವಾಗಿತ್ತು. ಸಾಲು ಮುಗಿಯಿತು. "ತಿರಗ್ರೋ" ಎಂದ. ಎರಡೂ ಎತ್ತು ಒಟ್ಟಿಗೇ ತಿರುಗಿದವು. ಒಂದು ಹತ್ತಿಗಿಡವೂ ಮುರಿಯಲಿಲ್ಲ. ಶಿವರಾಜ ಕಣ್ಣು ಬಿಟ್ಟುಕೊಂಡು ನೋಡಿದ.

"ಛಲೋ ಜೋಡಿ. ಕೊಡ್ತೀ ಏನ್ ತಮ್ಮಾ?" ಎಂದು ಶ್ರೀಮಂತ ಶಿವರಾಜನನ್ನು ಕೇಳಿದ.

ಶಿವರಾಜ ಅಪ್ಪನ ಕಡೆ ಕೈ ತೋರಿಸಿದ. "ನಮ್ಮಪ್ಪನ್ನ ಕೇಳ್ರಿ" ಎಂದ.

ಶ್ರೀಮಂತ ಅಯ್ಯಣ್ಣನ ಕಿವಿಯ ಹತ್ತಿರ ಹೋಗಿ, ಊರಿಗೆಲ್ಲ ಕೇಳುವಂತೆ ಕೂಗಿದ: "ಎತ್ತು ಕೊಡ್ತಿಯೇನೋ ಅಯ್ಯಣ್ಣಾ!"

ಅಯ್ಯಣ್ಣ ನಿಧಾನವಾಗಿ ಯಂತ್ರ ಕತ್ತಿಗೆ ಹಿಡಿದ.

"ನನಗ ಕಿವಿ ಕೇಳಸ್ತಾವ. ಎತ್ತು ಕೊಡಾಂಗಿಲ್ಲ."

ಓದುವ, ಕೇಳುವ ಅಕ್ಕ ಅಣ್ಣಂದಿರೇ, ನಿಮ್ಮ ಊರಲ್ಲೂ ಶಲ್ಯೆ ಸುತ್ತಿಕೊಂಡು ಮೂಲೆಯಲ್ಲಿ ಕುಳಿತ ಒಬ್ಬ ಅಯ್ಯಣ್ಣ ಇರಬಹುದು. ಅವರನ್ನು ಆಸ್ಪತ್ರೆಯ ಕಿವಿ, ಮೂಗು, ಗಂಟಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಇಂಥ ಯಂತ್ರ ಅವರಿಗೆ ಹೊಂದುತ್ತದೆಯೇ, ಬೇರೆ ಉಪಾಯ ಇದೆಯೇ ಎಂದು ಬಾಯಿಬಿಟ್ಟು ಕೇಳಿ. ಮೊದಲ ದಿನವೇ ಮಾತು ಬರಲಿಲ್ಲವೆಂದು ಯಂತ್ರವನ್ನು ಟ್ರಂಕಿಗೆ ಹಾಕಬೇಡಿ, ಕಲಿಯಲು ದಿನ ಹಿಡಿಯುತ್ತದೆ. ಮೂರು ವಾರ ಕಳೆದರೂ ದನಿ ಒಡೆದೇ ಇದ್ದರೆ ಧೂಳು ಎಂದು ಸುಮ್ಮನಿರಬೇಡಿ, ಕೂಡಲೇ ತೋರಿಸಿ. ಬೀಡಿ, ತಂಬಾಕು ಇವತ್ತೇ ಬಿಡಿ. ಮತ್ತೆ, ಯಂತ್ರ ಹಿಡಿದು ಯಾರಾದರೂ ಮಾತಾಡಿದರೆ ನಗಬೇಡಿ, ಕೂಗಬೇಡಿ. ಅವರು ಹೇಳುವುದು ಮುಗಿಯುವ ತನಕ ನಿಂತು ಕೇಳಿ.